ಸೋಮವಾರದ ಅರ್ಜಿ, ಊರಿನ ಸಭೆ

ಸೋಮವಾರ ಬೆಳಗಾದರೆ ಕೃಷ್ಣಗಿರಿಯ ಜಿಲ್ಲಾಧಿಕಾರಿ ಕಚೇರಿಗೆ ಜನ ಅರ್ಜಿ ಹಿಡಿದು ಬರುತ್ತಾರೆ. ತಮಿಳುನಾಡಿನ ಜಿಲ್ಲೆಗಳಲ್ಲಿ ಸೋಮವಾರ ಜನರ ಅಹವಾಲಿನ ದಿನ. ಅರ್ಜಿಗೆ ತಮಿಳಿನಲ್ಲಿ ‘ಮನು’ ಎಂದು ಹೆಸರು. ಪಟ್ಟಾ ಬದಲಾವಣೆ, ವೃದ್ಧಾಪ್ಯ ವೇತನ, ಜಮೀನಿನ ತಕರಾರು, ಇಂಥವು ಜಿಲ್ಲೆಯ ಬಾಗಿಲಿಗೇ ಹೋಗಬೇಕಾದವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಸಾಲಿನಲ್ಲಿ ಉರಿಯದ ಬೀದಿ ದೀಪದ ಅರ್ಜಿ ಇರುತ್ತದೆ, ಕಟ್ಟಿಕೊಂಡ ಚರಂಡಿಯದು ಇರುತ್ತದೆ, ನೀರು ಬಾರದ ನಲ್ಲಿಯದು, ಸ್ಮಶಾನದ ದಾರಿಯದು ಇರುತ್ತದೆ. 1994ರ ತಮಿಳುನಾಡು ಪಂಚಾಯಿತಿ ಕಾಯ್ದೆಯನ್ನು ತೆರೆದು ನೋಡಿದರೆ ಇವೆಲ್ಲವೂ ಗ್ರಾಮ ಪಂಚಾಯಿತಿ ಕಡ್ಡಾಯವಾಗಿ ಮಾಡಬೇಕಾದ ಕೆಲಸಗಳು. ಊರಿನೊಳಗಿನ ದಾರಿ, ದೀಪ, ಚರಂಡಿ, ಕುಡಿಯುವ ನೀರು, ಸುಡುಗಾಡು, ಇವಕ್ಕೆ ಊರಲ್ಲೇ ಹೊಣೆಗಾರರಿದ್ದಾರೆ ಎಂದು ಕಾನೂನು ಹೇಳುತ್ತಿರುವಾಗ ಅದೇ ಜಿಲ್ಲೆಯ ರಾಯಕೋಟೆಯ ಸುತ್ತಿನ ಹಳ್ಳಿಯವರು ಒಂದು ದಿನದ ಕೂಲಿ ಕಳೆದುಕೊಂಡು ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆ? ಈ ಹೊತ್ತಿನ ಮಾತು ಈ ಪ್ರಶ್ನೆಯ ಬೆನ್ನು ಹತ್ತಿದ್ದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ತಮಿಳುನಾಡು ಕರ್ನಾಟಕಗಳ ನಡುವಣ ನಮ್ಮ ಈ ಗಡಿಸೀಮೆಯಲ್ಲಿ ನೂರಾರು ವರ್ಷಗಳಿಂದ ಕಾಯ್ದೆಗಳು ಊರಿಗೆ ಕೆಲಸ ಕೊಡುತ್ತ ಬಂದಿವೆ. ಆ ಕೆಲಸಕ್ಕೆ ಉತ್ತರ ಹೇಳುವ ಜಾಗ ಮಾತ್ರ ಊರಿನಿಂದ ದೂರ ದೂರ ಸರಿಯುತ್ತ ಹೋಗಿದೆ. ಅದನ್ನು ಮರಳಿ ಊರಿಗೆ ತರಬಲ್ಲ ಸಂಸ್ಥೆ ಒಂದೇ, ಅದು ಗ್ರಾಮಸಭೆ. ಅದಕ್ಕೆ ಅವಧಿ ತಪ್ಪದ ಚುನಾವಣೆ ಬೇಕು, ಊರೇ ತೀರ್ಮಾನಿಸಬಹುದಾದ ಹಣ ಬೇಕು, ಊರಿಗೆ ತಿಳಿಯುವ ಭಾಷೆ ಬೇಕು.

ರಾಯಕೋಟೆಯ ಗುಡ್ಡದ ಮೇಲೆ ಕೋಟೆ ಇನ್ನೂ ಇದೆ. ಮೇಲೆ ಹೊಸೂರಿನ ಬಾಲಾಘಾಟ, ಕೆಳಗೆ ಕೃಷ್ಣಗಿರಿಯ ಬಾರಾಮಹಲು, ಎರಡರ ನಡುವಣ ಕಣಿವೆಗೆ ಅದು ಕಾವಲು. 1791ರಲ್ಲಿ ಮೇಜರ್ ಗೌಡಿಯ ಸೈನ್ಯ ಟಿಪ್ಪುವಿನವರಿಂದ ಅದನ್ನು ಹಿಡಿಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲು ಕಂಪನಿಯ ಕೈಗೆ ಹೋಯಿತು. ಆಮೇಲಿನ ಏಳು ವರ್ಷ ಅಲೆಕ್ಸಾಂಡರ್ ರೀಡ್, ಅವನ ಸಹಾಯಕ ತಾಮಸ್ ಮನ್ರೋ ಇದೇ ಸೀಮೆಯಲ್ಲಿ ಹೊಲ ಹೊಲ ಅಳೆದು ಕಂದಾಯ ಕಟ್ಟಿದರು. ರಯತವಾರಿ ಎಂದು ಮುಂದೆ ಮದರಾಸು ಪ್ರಾಂತ್ಯದ ಬಹುಭಾಗಕ್ಕೆ ಹಬ್ಬಿದ ಪದ್ಧತಿಯ ತೊಟ್ಟಿಲು ಇದು. ಅದರಲ್ಲಿ ರೈತನಿಗೆ ಅನುಕೂಲವೂ ಇತ್ತು. ಅವನ ಹೊಲ, ಅವನ ಲೆಕ್ಕ, ಅವನ ಹೆಸರು ಬರಹಕ್ಕೆ ಬಂದವು. ಆದರೆ ಸರ್ಕಾರ ಒಬ್ಬೊಬ್ಬ ರೈತನ ಜೊತೆ ನೇರವಾಗಿ ವ್ಯವಹರಿಸತೊಡಗಿದಾಗ ಊರು ಒಂದು ಘಟಕವಾಗಿ ನಿಂತು ಮಾತಾಡುವ ಸಂದರ್ಭಗಳು ಕಡಿಮೆಯಾದವು. ಊರಿನಲ್ಲಿ ಉಳಿದವರು ಊರ ಮುಖ್ಯಸ್ಥನಾದ ಮಣೇಗಾರ, ಲೆಕ್ಕ ಬರೆಯುವ ಕರ್ಣಂ, ತಳವಾರ, ತೋಟಿ, ಕೆರೆಯ ತೂಬು ಎತ್ತುವ ನೀರಗಂಟಿ. ಇವರಲ್ಲಿ ನೀರಗಂಟಿಯೊಬ್ಬ ಮಾತ್ರ ದಿನದಿನವೂ ಊರಿನವರ ಕಣ್ಣೆದುರಿಗೆ ಕೆಲಸ ಮಾಡುವವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಯಿತು ಎಂಬುದನ್ನು ಬದುವಿನ ಮೇಲೆ ನಿಂತ ಎಲ್ಲರೂ ನೋಡಬಹುದಿತ್ತು. ಮಣೇಗಾರನೂ ಕರ್ಣಂನೂ ಉತ್ತರ ಹೇಳುತ್ತಿದ್ದುದು ತಾಲ್ಲೂಕಿನ ತಹಶೀಲ್ದಾರನಿಗೆ. ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿದ್ದ ಆ ಹುದ್ದೆಗಳನ್ನು ತಮಿಳುನಾಡು ಸರ್ಕಾರ 1980ರಲ್ಲಿ ರದ್ದು ಮಾಡಿ ಗ್ರಾಮ ಆಡಳಿತಾಧಿಕಾರಿಗಳನ್ನು ನೇಮಿಸಿತು. ಒಳ್ಳೆಯ ಕೆಲಸವೇ ಅದು. ಹುಟ್ಟಿನಿಂದ ಬರುವ ಅಧಿಕಾರಕ್ಕೆ ಸಮಾನರ ನಾಡಿನಲ್ಲಿ ಜಾಗವಿಲ್ಲ. ಆದರೆ ಹೊಸ ಅಧಿಕಾರಿಯೂ ಮೇಲಕ್ಕೇ ಉತ್ತರ ಹೇಳುವವನು. ದಿಕ್ಕು ಬದಲಾಗಲಿಲ್ಲ.

ಚುನಾಯಿತ ಆಡಳಿತದ ಕಥೆ ಬೇರೆ ದಾರಿಯಲ್ಲಿ ಬಂತು. 1882ರಲ್ಲಿ ವೈಸರಾಯ್ ರಿಪ್ಪನ್ ಹೊರಡಿಸಿದ ನಿರ್ಣಯ ಸ್ಥಳೀಯ ಸಂಸ್ಥೆಗಳನ್ನು ಆಡಳಿತದ ಸೌಕರ್ಯಕ್ಕಿಂತ ಹೆಚ್ಚಾಗಿ ಜನರ ರಾಜಕೀಯ ಶಿಕ್ಷಣದ ಸಾಧನವಾಗಿ ಕಂಡಿತು. ಅದರ ಹಿಂದೆಯೇ 1884ರಲ್ಲಿ ಮದರಾಸಿನ ಸ್ಥಳೀಯ ಮಂಡಳಿಗಳ ಕಾಯ್ದೆ ಬಂದು ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಕೆಲವು ಹಳ್ಳಿಗಳನ್ನು ಕೂಡಿಸಿದ ಯೂನಿಯನ್ನು ಎಂಬ ಮೂರು ಮೆಟ್ಟಿಲುಗಳು ಹುಟ್ಟಿದವು. ಆ ಶಿಕ್ಷಣ ಪೂರ್ತಿ ವ್ಯರ್ಥವಾಗಲಿಲ್ಲ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಒಂದು ಸಾಕ್ಷಿ ಇದೆ. ಹೊಸೂರಿನ ಹತ್ತಿರದ ತೊರಪಲ್ಲಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿ ಆ ಊರಿನ ಮುನ್ಸೀಫರ ಮಗ. ದೇಶದ ಗವರ್ನರ್ ಜನರಲ್ ಆಗುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲು, 1917ರಲ್ಲಿ, ಅವರು ಸೇಲಂ ಪುರಸಭೆಯ ಅಧ್ಯಕ್ಷರಾದರು. ತಂದೆ ನೇಮಕದಿಂದ ಊರಿನ ಅಧಿಕಾರಿ, ಮಗ ಪಟ್ಟಣದ ಸಭೆಯ ಅಧ್ಯಕ್ಷ. ಒಂದೇ ಮನೆಯ ಎರಡು ತಲೆಮಾರುಗಳಲ್ಲಿ ಆಡಳಿತದ ಎರಡು ಕಾಲಗಳು ಕಾಣುತ್ತವೆ. ಸ್ವಾತಂತ್ರ್ಯದ ನಂತರ ಬಂದ ದೊಡ್ಡ ಹೆಜ್ಜೆ 1958ರ ಮದರಾಸು ಪಂಚಾಯಿತಿ ಕಾಯ್ದೆ. ಕಾಮರಾಜರು ಮುಖ್ಯಮಂತ್ರಿಯಾಗಿದ್ದ ಕಾಲ. ಹಳ್ಳಿಗೆ ಪಂಚಾಯಿತಿ, ಹಳ್ಳಿಗಳ ಗುಂಪಿಗೆ ಪಂಚಾಯಿತಿ ಯೂನಿಯನ್ನು. ಇಂದಿಗೂ ಕೆಲಮಂಗಲ, ತಳಿ, ಹೊಸೂರು ಕಡೆ ‘ಯೂನಿಯನ್ ಆಫೀಸು’ ಎಂದರೆ ಎಲ್ಲರಿಗೂ ಗೊತ್ತಾಗುವುದು ಆ ಕಾಯ್ದೆಯ ದೆಸೆಯಿಂದ.

ಆ ಯೂನಿಯನ್ನುಗಳ ಕೈಗೆ ಪ್ರಾಥಮಿಕ ಶಿಕ್ಷಣ ಬಂತು. ಹಳ್ಳಿಗಳ ಶಾಲೆಗಳ ಹಲಗೆಯ ಮೇಲೆ ಈಗಲೂ ‘ಪಂಚಾಯಿತಿ ಯೂನಿಯನ್ ಪ್ರಾಥಮಿಕ ಶಾಲೆ’ ಎಂದೇ ಬರೆದಿರುತ್ತದೆ. ನಮ್ಮ ಭಾಗದಲ್ಲಿ ಕನ್ನಡದಲ್ಲೋ ತೆಲುಗಿನಲ್ಲೋ ಪಾಠ ಹೇಳುವ ಶಾಲೆಗಳಿಗೂ ಅದೇ ಹೆಸರು. ಶಾಲೆ ನಡೆಸುವವರು ಯೂನಿಯನ್ ಎಂದು ಓದುವವರು ತಿಳಿಯಬಹುದು. ಆದರೆ ಆ ಶಾಲೆಗಳ ಉಪಾಧ್ಯಾಯರು 1981ರಲ್ಲೇ ರಾಜ್ಯ ಸರ್ಕಾರದ ನೌಕರರಾದರು. ಉಪಾಧ್ಯಾಯರಿಗೆ ಅದು ನ್ಯಾಯವೇ: ಸಂಬಳಕ್ಕೆ, ವರ್ಗಾವಣೆಗೆ ಊರಿನ ದೊಡ್ಡವರ ಮುಖ ನೋಡುವ ಪಾಡು ತಪ್ಪಿತು. ಹಾಗಿದ್ದರೂ ಆ ಹಲಗೆಗಳನ್ನು ಕಂಡಾಗ ಸ್ಥಳೀಯ ಆಡಳಿತದ ಇಡೀ ಪಾಡು ಒಂದು ಸಾಲಿನಲ್ಲಿ ಬರೆದಿಟ್ಟಂತೆ ನನಗೆ ತೋರುತ್ತದೆ. ಹೆಸರು ಊರಿನದು, ಕಟ್ಟಡ ಊರಿನಲ್ಲಿ, ನಿರ್ಧಾರ ಬೇರೆ ಕಡೆ. ಅದಕ್ಕಿಂತ ಕೆಟ್ಟದ್ದು ಚುನಾವಣೆಗಳ ಅಂತರ. 1970ರಲ್ಲಿ ಪಂಚಾಯಿತಿ ಚುನಾವಣೆ ನಡೆದ ಮೇಲೆ ತಮಿಳುನಾಡಿನಲ್ಲಿ ಮುಂದಿನ ಚುನಾವಣೆ 1986ರಲ್ಲಿ. ಅದರ ಮುಂದಿನದು 1996ರಲ್ಲಿ. 26 ವರ್ಷಗಳಲ್ಲಿ ನಡುವೆ ಒಂದೇ ಒಂದು ಚುನಾವಣೆ. 1970ರಲ್ಲಿ ಹುಟ್ಟಿದ ಮಗುವೊಂದು ಬೆಳೆದು, ಮದುವೆಯಾಗಿ, ಮನೆ ಕಟ್ಟುವಷ್ಟು ಕಾಲ. ಅಷ್ಟರಲ್ಲಿ ಊರಿನ ಕೆಲಸಕ್ಕೆ ಅಧಿಕಾರಿಯ ಬಳಿಗೆ ಹೋಗುವುದು ಜನರಿಗೆ ರೂಢಿಯಾಯಿತು. ಸೋಮವಾರದ ಸಾಲು ಬೆಳೆದದ್ದು ಜನರ ಅಜ್ಞಾನದಿಂದಲ್ಲ. ಅರ್ಜಿ ಕೊಡಲು ಊರಲ್ಲಿ ಯಾರೂ ಇಲ್ಲದ ಕಾಲ ಅಷ್ಟು ದೀರ್ಘವಾಗಿತ್ತು.

ಸಂವಿಧಾನದ 73ನೆಯ ತಿದ್ದುಪಡಿ ಇದನ್ನೇ ತಡೆಯಲು ಬಂತು. 1993ರ ಏಪ್ರಿಲ್ 24ರಂದು ಅದು ಜಾರಿಗೆ ಬಂದಾಗ ಪಂಚಾಯಿತಿಗೆ ಐದು ವರ್ಷದ ಅವಧಿ ಎಂದೂ, ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು ಎಂದೂ 243ಇ ವಿಧಿ ಖಚಿತವಾಗಿ ಹೇಳಿತು. 1996, 2001, 2006, 2011, ಈ ನಾಲ್ಕು ಬಾರಿ ತಮಿಳುನಾಡು ಆ ಮಾತನ್ನು ನಡೆಸಿಕೊಟ್ಟಿತು. 2016ರ ಅಕ್ಟೋಬರಿನ ಚುನಾವಣೆ ಘೋಷಣೆಯಾದ ಮೇಲೆ ಮೀಸಲಾತಿಯ ವಿವಾದದಲ್ಲಿ ಹೈಕೋರ್ಟಿಗೆ ಹೋಗಿ ನಿಂತುಹೋಯಿತು. ಅಲ್ಲಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ವಿಶೇಷ ಅಧಿಕಾರಿಗಳ ಆಡಳಿತ. 2019ರ ಡಿಸೆಂಬರ್ 27 ಮತ್ತು 30ರಂದು ಕೃಷ್ಣಗಿರಿಯೂ ಸೇರಿ 27 ಜಿಲ್ಲೆಗಳಲ್ಲಿ ಮತದಾನವಾಗಿ, ಗೆದ್ದವರು 2020ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಆ ಅವಧಿ 2025ರ ಜನವರಿ 5ಕ್ಕೆ ಮುಗಿಯಿತು. ಹೊಸ ಚುನಾವಣೆ ಅದಕ್ಕೆ ಮೊದಲು ನಡೆದಿರಲಿಲ್ಲ, ಪಂಚಾಯಿತಿಗಳು ಮತ್ತೆ ವಿಶೇಷ ಅಧಿಕಾರಿಗಳ ವಶವಾದವು. ಗ್ರಾಮ ಪಂಚಾಯಿತಿಗೆ ವಿಶೇಷ ಅಧಿಕಾರಿ ಎಂದರೆ ಯೂನಿಯನ್ನಿನ ಬ್ಲಾಕ್ ಅಭಿವೃದ್ಧಿ ಅಧಿಕಾರಿ, ಬಿಡಿಒ. ಕೃಷ್ಣಗಿರಿ ಜಿಲ್ಲೆಯಲ್ಲಿ ಯೂನಿಯನ್ನುಗಳು 10, ಗ್ರಾಮ ಪಂಚಾಯಿತಿಗಳು ಮುನ್ನೂರಕ್ಕೂ ಹೆಚ್ಚು. ಸರಾಸರಿ ತೆಗೆದರೆ ಒಬ್ಬ ಅಧಿಕಾರಿಯ ತಲೆಯ ಮೇಲೆ ಮೂವತ್ತಕ್ಕೂ ಹೆಚ್ಚು ಪಂಚಾಯಿತಿಗಳ ಅಧ್ಯಕ್ಷಗಿರಿ. ಆತ ಎಷ್ಟೇ ಪ್ರಾಮಾಣಿಕನಾಗಲಿ, ಒಂದೊಂದು ಊರಿನ ಪೈಪು ಒಡೆದದ್ದು ಅವನ ಕಿವಿಗೆ ಬೀಳುವುದೇ ವಾರದ ನಂತರ. ಇದರ ಬೆಲೆ ಹಣದಲ್ಲೂ ತೆರಬೇಕಾಗುತ್ತದೆ. 14ನೆಯ ಹಣಕಾಸು ಆಯೋಗದ ಅನುದಾನ ಚುನಾಯಿತ ಪಂಚಾಯಿತಿಗಳಿಗೆ ಮಾತ್ರ ಎಂದಿದ್ದರಿಂದ 2016ರ ನಂತರ ತಮಿಳುನಾಡಿನ ಹಳ್ಳಿಗಳಿಗೆ ಬರಬೇಕಾದ ಹಣವನ್ನು ಕೇಂದ್ರ ತಡೆಹಿಡಿಯಿತು. ಸುಪ್ರೀಂ ಕೋರ್ಟು 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲೂ, 2022ರ ಸುರೇಶ್ ಮಹಾಜನ್ ಪ್ರಕರಣದಲ್ಲೂ, ಕ್ಷೇತ್ರ ಮರುವಿಂಗಡಣೆಯಂಥ ಕಾರಣಗಳಿಗಾಗಿ ಸ್ಥಳೀಯ ಚುನಾವಣೆಯನ್ನು ಮುಂದೂಡುವಂತಿಲ್ಲ ಎಂದಿದೆ. ಇದು ತಮಿಳುನಾಡೊಂದರ ದೋಷ ಎಂದು ಗಡಿಯಾಚೆಯ ಕನ್ನಡಿಗರು ಎಣಿಸಬಾರದು. ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಕಾಲದಲ್ಲಿ, 1987ರಲ್ಲೇ, ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ್ದ ಕರ್ನಾಟಕದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಬಿದ್ದವು. ನಜೀರ್ ಸಾಬರ ಹೆಸರನ್ನು ಹೇಳುವಾಗಲೆಲ್ಲ ಈ ಸಂಗತಿ ಚುಚ್ಚುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಕಾಲ ಬದಲಾಗಿದೆ, ಊರಿನ ಬಾವಿಯ ಕಾಲ ಹೋಯಿತು, ಈಗಿನ ಕೆಲಸಗಳು ಊರಿನ ಕೈಗೆ ಎಟುಕುವಂಥವಲ್ಲ, ತಜ್ಞರೂ ಇಲಾಖೆಗಳೂ ನೋಡಿಕೊಳ್ಳಲಿ ಎಂದು ಹೇಳುವವರಿದ್ದಾರೆ. ನಮ್ಮ ಜಿಲ್ಲೆಯ ಕುಡಿಯುವ ನೀರೇ ಅವರಿಗೆ ಒಳ್ಳೆಯ ಆಧಾರ. ಧರ್ಮಪುರಿ, ಕೃಷ್ಣಗಿರಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಿದ ಮಕ್ಕಳು, ಮೂಳೆ ಸೆಟೆದ ಹಿರಿಯರು ಈ ಸೀಮೆಗೆ ಹೊಸಬರಲ್ಲ. ಬೋರು ಎಷ್ಟು ಆಳ ಕೊರೆದರೂ ಆ ದೋಷ ತಪ್ಪದು. ಕಾವೇರಿ ನೀರನ್ನು ಹೊಗೇನಕಲ್ಲಿನಿಂದ ಎತ್ತಿ ತರುವ ಯೋಜನೆ ಜಪಾನಿನ ಸಾಲದ ನೆರವಿನಿಂದ, 1,928 ಕೋಟಿ ರೂಪಾಯಿಯ ಅಂದಾಜಿನಲ್ಲಿ ರೂಪುಗೊಂಡು 2013ರಲ್ಲಿ ಉದ್ಘಾಟನೆಯಾಯಿತು. ಎರಡು ಜಿಲ್ಲೆಗಳ 18 ಯೂನಿಯನ್ನುಗಳ ಆರು ಸಾವಿರಕ್ಕೂ ಹೆಚ್ಚು ಜನವಸತಿಗಳು ಅದರ ವ್ಯಾಪ್ತಿಯಲ್ಲಿವೆ. ಇಂಥದನ್ನು ಯಾವ ಹಳ್ಳಿಯೂ ತಾನಾಗಿ ಕಟ್ಟಲಾರದು. ಅದನ್ನು ಕಟ್ಟಿದ ರಾಜ್ಯದ ನೀರು ಸರಬರಾಜು ಮಂಡಳಿಗೆ ನಮ್ಮ ಮಕ್ಕಳ ಹಲ್ಲು ಮೂಳೆಗಳ ಋಣ ಇದೆ. ಇಷ್ಟನ್ನು ಒಪ್ಪಿದ ಮೇಲೂ ಆಕ್ಷೇಪ ನಿಲ್ಲುವುದಿಲ್ಲ. ದೊಡ್ಡ ಪೈಪು ಊರಿನ ಟ್ಯಾಂಕಿನವರೆಗೆ ಬರುತ್ತದೆ. ಟ್ಯಾಂಕಿನಿಂದ ಮುಂದೆ ಯಾವ ಬೀದಿಗೆ ಯಾವ ಹೊತ್ತು ಎಷ್ಟು ಗಳಿಗೆ ನೀರು ಬಿಡಬೇಕು, ದಿಬ್ಬದ ಮೇಲಿನ ಕಾಲೊನಿಗೆ ಒತ್ತಡ ಸಾಲದಿದ್ದರೆ ಏನು ಮಾಡಬೇಕು, ಕ್ಲೋರಿನ್ ಹಾಕಿದರೋ ಇಲ್ಲವೋ, ಕಾವೇರಿ ನೀರಿಗೆ ಬೋರಿನ ನೀರು ಬೆರೆಸಿದರೋ ಇಲ್ಲವೋ, ಈ ಪ್ರಶ್ನೆಗಳಿಗೆ ಎಂಜಿನಿಯರಿಂಗಿನ ಉತ್ತರಕ್ಕಿಂತ ಹೆಚ್ಚಾಗಿ ನ್ಯಾಯದ ಉತ್ತರ ಬೇಕು. ಅದು ಊರಿನೊಳಗೇ ಆಗಬೇಕಾದ ಮಾತು. ನೀರಗಂಟಿಯ ತೂಬು ಹೋಗಿ ಟ್ಯಾಂಕು ಆಪರೇಟರನ ವಾಲ್ವು ಬಂದಿದೆ. ಬದುವಿನ ಮೇಲೆ ನಿಂತು ನೋಡುತ್ತಿದ್ದ ಕಣ್ಣುಗಳು ಮಾತ್ರ ಈಗ ಬೇರೆ ಕಡೆ ತಿರುಗಿವೆ. ಕಟ್ಟುವ ಕೆಲಸ ಎಷ್ಟು ದೊಡ್ಡದಾಗುತ್ತದೋ ಹಂಚುವ ಕೆಲಸಕ್ಕೆ ಊರಿನ ಸಭೆ ಅಷ್ಟು ಅಗತ್ಯವಾಗುತ್ತದೆ ಎಂದೇ ನಾನು ಹೇಳುತ್ತೇನೆ.

ಹಣದ ಮಾತನ್ನು ಇಲ್ಲೇ ಸ್ವಲ್ಪ ಹೇಳಿ ಮುಗಿಸುತ್ತೇನೆ. 15ನೆಯ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರಿಗೆ ಮತ್ತು ನೈರ್ಮಲ್ಯಕ್ಕೆ ಎಂದು ಮೊದಲೇ ಕಟ್ಟುಪಾಡು. ಉಳಿದ 40 ಭಾಗ ಮಾತ್ರ ಊರಿನ ಇಷ್ಟಕ್ಕೆ. ನೀರು, ನೈರ್ಮಲ್ಯ ಎರಡೂ ಬೇಕಾದವೇ. ಆದರೆ ಬೇಕಾದದ್ದು ಯಾವುದು ಎಂದು ಮೊದಲೇ ಬರೆದುಬಂದ ಪಟ್ಟಿಗೆ ಗ್ರಾಮಸಭೆ ಒಪ್ಪಿಗೆ ಕೊಡುತ್ತ ಹೋದರೆ ಜನ ಸಭೆಗೆ ಬರುವುದು ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ನೋಡಲಿಕ್ಕೆ ಮಾತ್ರ. ರಾಜ್ಯದ ಯೋಜನೆಗಳ ಮಟ್ಟಿಗೂ ಇದೇ ಮಾತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಊರಿಗೆ ಅಧಿಕಾರ ಎಂದರೆ ಊರಿನ ಮೇಲ್ಜಾತಿಗೆ, ಜಮೀನಿರುವವರಿಗೆ ಅಧಿಕಾರ ಎಂಬ ಆಕ್ಷೇಪ ಅದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಹಳ್ಳಿಯನ್ನು ಆಡಳಿತದ ಮೂಲಘಟಕ ಮಾಡದಿದ್ದುದಕ್ಕೆ ಕಾರಣ ಹೇಳುವಾಗ ಮಂಡಿಸಿದ್ದು ಇದನ್ನೇ: ಹಳ್ಳಿಯ ಸಂಕುಚಿತತೆಯನ್ನು ಉಂಡವರಿಗೆ ಅದರ ಗುಣಗಾನ ರುಚಿಸದು. ತಮಿಳುನಾಡಿನವರು ಹೆಮ್ಮೆಯಿಂದ ಹೇಳುವ ಉತ್ತಿರಮೇರೂರಿನ ಹತ್ತನೆಯ ಶತಮಾನದ ಶಾಸನಗಳನ್ನು ಪೂರ್ತಿ ಓದಿದರೆ ಅಲ್ಲಿನ ಕುಡದ ಚೀಟಿಯ ಚುನಾವಣೆ ಜಮೀನು, ಮನೆ, ವೇದಾಧ್ಯಯನ ಉಳ್ಳ ಬ್ರಾಹ್ಮಣ ಗಂಡಸರಿಗೆ ಮೀಸಲಾಗಿತ್ತು ಎಂದು ಗೊತ್ತಾಗುತ್ತದೆ. ಅಷ್ಟು ಹಿಂದೆ ಹೋಗುವುದೂ ಬೇಡ. 1996ರ ಚುನಾವಣೆಯ ನಂತರ ಮಧುರೈ ಕಡೆಯ ಮೇಲವಳವಿನಲ್ಲಿ ಮೀಸಲು ಸ್ಥಾನದಿಂದ ಗೆದ್ದ ಪಂಚಾಯಿತಿ ಅಧ್ಯಕ್ಷ ಮುರುಗೇಶನ್ ಅವರನ್ನೂ ಅವರ ಸಂಗಡಿಗರನ್ನೂ 1997ರ ಜೂನ್ 30ರಂದು ಕೊಂದುಹಾಕಿದರು. ಅದೇ ಮಧುರೈ ಕಡೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರಮಂಗಲಗಳಲ್ಲಿ ದಲಿತರಿಗೆ ಮೀಸಲಾದ ಅಧ್ಯಕ್ಷ ಸ್ಥಾನಕ್ಕೆ ಹತ್ತು ವರ್ಷ ಸರಿಯಾಗಿ ಚುನಾವಣೆ ನಡೆಯಗೊಡಲಿಲ್ಲ. ಇದನ್ನೆಲ್ಲ ಮರೆತು ಗ್ರಾಮಸ್ವರಾಜ್ಯದ ಹಾಡು ಹಾಡುವುದು ಸತ್ತವರಿಗೆ ಮಾಡುವ ಅನ್ಯಾಯ.

ಹಾಗಾದರೆ ಉತ್ತರವೇನು? ಮೊದಲನೆಯದಾಗಿ, ಜಾತಿಯ ಹಿರಿಯರು ಅರಳಿಕಟ್ಟೆಯಲ್ಲಿ ಕೂತು ನಡೆಸುವ ನ್ಯಾಯಕ್ಕೂ ಕಾನೂನಿನ ಗ್ರಾಮಸಭೆಗೂ ಹೆಸರಿನ ಹೋಲಿಕೆಯಷ್ಟೇ ಇದೆ. ಮೊದಲನೆಯದರಲ್ಲಿ ಹೆಂಗಸರಿಗೆ, ದಲಿತರಿಗೆ ಮಾತಿಲ್ಲ. ಎರಡನೆಯದರಲ್ಲಿ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸದಸ್ಯರು. ಅಂಬೇಡ್ಕರ್ ಹೆದರಿದ್ದು ಮೊದಲನೆಯದಕ್ಕೆ, ಹೆದರಿದ್ದು ಸರಿಯೂ ಹೌದು. ಎರಡನೆಯದಾಗಿ, ಪಾಪ್ಪಾಪಟ್ಟಿಯ ಹಠ 2006ರಲ್ಲಿ ಮುರಿಯಿತು. ಸರ್ಕಾರ ಮನಸ್ಸು ಮಾಡಿ ನಿಂತಾಗ ಆ ಊರುಗಳಲ್ಲಿ ಚುನಾವಣೆ ನಡೆದು ದಲಿತ ಅಧ್ಯಕ್ಷರು ಕುರ್ಚಿಯಲ್ಲಿ ಕೂತರು. ಅಂದರೆ ಊರಿನ ಆಡಳಿತಕ್ಕೆ ರಾಜ್ಯದ ಬಲವಾದ ಕೈ ಬೇಕು. ಆ ಕೈ ಇರಬೇಕಾದದ್ದು ದುರ್ಬಲರ ಬೆನ್ನಿಗೆ, ಪಂಚಾಯಿತಿಯ ಚೆಕ್ಕುಪುಸ್ತಕದ ಮೇಲಲ್ಲ. ಮೂರನೆಯ ಉತ್ತರ ಅಧ್ಯಯನಗಳಿಂದ ಬಂದದ್ದು. ಟಿಮೊತಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಎಂಬ ಅರ್ಥಶಾಸ್ತ್ರಜ್ಞರು ದಕ್ಷಿಣದ ನಾಲ್ಕು ರಾಜ್ಯಗಳ ಹಳ್ಳಿಗಳನ್ನು ಆರಿಸಿಕೊಂಡು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ರಾಮಸಭೆ ನಿಜವಾಗಿ ನಡೆದ ಊರುಗಳಲ್ಲಿ ಬಡವರ ಕಾರ್ಡಿನಂಥ ಸೌಲಭ್ಯ ಭೂಹೀನರನ್ನೂ ಅಕ್ಷರ ಬಾರದವರನ್ನೂ ಹೆಚ್ಚಾಗಿ ತಲುಪಿತ್ತು. ಹಳ್ಳಿಯ ದೊಡ್ಡವರು ಸಭೆಯನ್ನು ನುಂಗಿಬಿಡುತ್ತಾರೆ ಎಂಬ ಭಯ ಪೂರ್ತಿ ನಿಜವಾಗಿದ್ದರೆ ಫಲ ಉಲ್ಟಾ ಬರಬೇಕಿತ್ತು. ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೊ ಇಬ್ಬರೂ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನಗಳಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಮಹಿಳೆಯರಿಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋದದ್ದನ್ನು ತೋರಿಸಿತು. ತಮಿಳುನಾಡಿನಲ್ಲಿ ಈಗ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ. ಕುರ್ಚಿಯಲ್ಲಿ ಹೆಂಡತಿ, ಆಡಳಿತದಲ್ಲಿ ಗಂಡ ಎಂಬ ದೂರು ಎಲ್ಲ ಕಡೆಯೂ ಕೇಳುತ್ತದೆ, ಹಲವು ಕಡೆ ನಿಜವೂ ಇರಬಹುದು. ಅವಧಿ ತಪ್ಪದೆ ಚುನಾವಣೆ ನಡೆಯುತ್ತ ಹೋದರೆ ಎರಡನೆಯ ಬಾರಿ ಮೂರನೆಯ ಬಾರಿ ಆ ಹೆಂಗಸರೇ ಮಾತಾಡುವುದನ್ನು ಕಲಿಯುತ್ತಾರೆ. ಮೂರು ವರ್ಷ ಬಿಟ್ಟು ಬಿಟ್ಟು ನಡೆಸಿದರೆ ಕಲಿತದ್ದೂ ಹೋಗುತ್ತದೆ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನನ್ನ ಮನಸ್ಸಿಗೆ ಅತ್ಯಂತ ಹತ್ತಿರದ್ದು ಇದು, ಆದ್ದರಿಂದಲೇ ಎಚ್ಚರದಿಂದ ಹೇಳಬೇಕು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಗೆರೆಯ ಮೇಲೆ ಹೊಸದಾಗಿ ರೂಪುಗೊಂಡಾಗ ಹೊಸೂರು ಸೀಮೆ ಮದರಾಸಿನಲ್ಲೇ ಉಳಿಯಿತು. ತೆಲುಗು, ಕನ್ನಡ, ತಮಿಳು ಮೂರೂ ಮನೆಮಾತಾಗಿರುವ, ಉರ್ದುವೂ ಸೇರಿರುವ ಸೀಮೆ ಇದು. ಅದೇ ನವೆಂಬರ್ 1 ಕರ್ನಾಟಕಕ್ಕೆ ರಾಜ್ಯೋತ್ಸವ. 2022ರಿಂದ ತಮಿಳುನಾಡಿನಲ್ಲಿ ಅದು ಸ್ಥಳೀಯ ಆಡಳಿತ ದಿನವೂ ಆಗಿ ಅಂದು ಗ್ರಾಮಸಭೆ ಸೇರುತ್ತದೆ. ಮೊದಲು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ನಾಲ್ಕೇ ಇದ್ದವು. ವಿಶ್ವ ಜಲದಿನವಾದ ಮಾರ್ಚ್ 22 ಮತ್ತು ನವೆಂಬರ್ 1 ಸೇರಿ ಈಗ ಆರು. ಯಾವ ಉದ್ದೇಶದಿಂದ ಆ ದಿನವನ್ನು ಆರಿಸಿದ್ದರೂ ಗಡಿಯ ಈ ಊರುಗಳಿಗೆ ಅದು ಒಳ್ಳೆಯ ಶಕುನದಂತೆ ತೋರುತ್ತದೆ. ಸಭೆಯಲ್ಲಿ ಮಾತು ಯಾವ ಭಾಷೆಯಲ್ಲೂ ನಡೆಯಬಹುದು. ಇಲ್ಲಿನ ಜನ ಒಂದೇ ಉಸಿರಿನಲ್ಲಿ ಮೂರು ಭಾಷೆ ಬೆರೆಸಿ ಮಾತಾಡಬಲ್ಲವರು. ತೊಡಕು ಬರಹದಲ್ಲಿದೆ. ನಿರ್ಣಯ ಪುಸ್ತಕ ತಮಿಳಿನಲ್ಲಿ, ಖರ್ಚಿನ ಲೆಕ್ಕದ ಫಲಕ ತಮಿಳಿನಲ್ಲಿ, ಸಭೆಯ ನೋಟೀಸು ತಮಿಳಿನಲ್ಲಿ. ತಮಿಳು ಮಾತಾಡಬಲ್ಲ, ಆದರೆ ತಮಿಳು ಓದಲು ಬಾರದ ಹಿರಿಯ ಹೆಂಗಸು ಆ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವಾಗ ತಾನು ಯಾವುದಕ್ಕೆ ಒಪ್ಪಿದೆ ಎಂದು ತಿಳಿಯದೆಯೇ ಒತ್ತುತ್ತಾಳೆ. ಹಾಗೆ ಒತ್ತಿದ ಹೆಬ್ಬೆಟ್ಟನ್ನು ಊರಿನ ಒಪ್ಪಿಗೆ ಎಂದು ಕರೆಯಬಹುದೇ?

ಇದಕ್ಕೆ ಎದುರು ಹೇಳುವವರ ಮಾತು ಗೌರವಕ್ಕೆ ಅರ್ಹ. ತಮಿಳು ಈ ರಾಜ್ಯದ ಆಡಳಿತ ಭಾಷೆ. ದಾಖಲೆ ಒಂದೇ ಭಾಷೆಯಲ್ಲಿ ಇರದಿದ್ದರೆ ಲೆಕ್ಕ ತಪಾಸಣೆಯಿಂದ ನ್ಯಾಯಾಲಯದವರೆಗೆ ಗೊಂದಲ. ಗಡಿಯಲ್ಲಿ ಭಾಷೆಯ ಮಾತೆತ್ತಿದರೆ ಅಣ್ಣತಮ್ಮಂದಿರಂತಿರುವವರ ನಡುವೆ ಬಿರುಕು ಬರುತ್ತದೆ ಎನ್ನುತ್ತಾರೆ. ದಾಖಲೆ ತಮಿಳಿನಲ್ಲೇ ಇರಲಿ, ಅದನ್ನು ಬದಲಿಸಬೇಕೆಂದು ನಾನು ಕೇಳುತ್ತಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ 1956ರಲ್ಲೇ ಕೇಂದ್ರ ಸರ್ಕಾರ ಹೊರಡಿಸಿದ ಜ್ಞಾಪನ ಪತ್ರ, ತಾಲ್ಲೂಕು ಅಥವಾ ಪುರಸಭೆಯ ಜನಸಂಖ್ಯೆಯಲ್ಲಿ ಒಂದು ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಕೊಡಬೇಕು ಎಂದಿತ್ತು. ಕಾಸರಗೋಡಿನ ಕನ್ನಡಿಗರಿಗೆ ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಸರ್ಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಕೇರಳದ ತಮಿಳರಿಗೂ ಅದೇ ಹಕ್ಕಿದೆ. ಅದರ ಜಾರಿಯ ಬಗ್ಗೆ ಕಾಸರಗೋಡಿನವರಿಗೆ ನೂರು ದೂರುಗಳಿರಬಹುದು, ಆದರೂ ದೂರಲು ಅಲ್ಲಿ ಒಂದು ಕಾನೂನಿದೆ. ಇದೇ ಅಳತೆಗೋಲು ಕರ್ನಾಟಕಕ್ಕೂ ಅನ್ವಯಿಸಬೇಕು. ಕೋಲಾರದ ತೆಲುಗು ಮನೆಗಳಿಗೆ, ಬೆಳಗಾವಿಯ ಮರಾಠಿ ಹಳ್ಳಿಗಳಿಗೆ, ಕೆಜಿಎಫ್‌ನ ತಮಿಳು ಕೇರಿಗಳಿಗೆ ಊರಿನ ಲೆಕ್ಕ ತಿಳಿಯುವ ಭಾಷೆಯಲ್ಲಿ ಸಿಗಬೇಕು ಎಂದು ಒಪ್ಪದವರು ರಾಯಕೋಟೆಯಲ್ಲಿ ಕನ್ನಡ ಕೇಳುವಂತಿಲ್ಲ. ಬಿರುಕಿನ ಮಾತಿಗೆ ಬಂದರೆ, ಊರಿನ ನೀರಿನ ಸರದಿಯನ್ನು ಎಲ್ಲರಿಗೂ ತಿಳಿಯುವಂತೆ ಮೂರು ಭಾಷೆಯಲ್ಲಿ ಓದಿ ಹೇಳಿದ್ದರಿಂದ ಜಗಳ ಹುಟ್ಟಿದ ಊರನ್ನು ನಾನು ಕೇಳಿಲ್ಲ. ಜಗಳ ಹುಟ್ಟುವುದು ತಿಳಿಯದೆ ಸಹಿ ಹಾಕಿಸಿಕೊಂಡಾಗ.

ಒಂದು ವಿಷಯ ಉಳಿದಿದೆ, ಅದು ಮುಂದಿನ ದಿನಗಳದ್ದು. ರಾಯಕೋಟೆ ಹೆಸರಿಗೆ ಹಳ್ಳಿ. ಕೆಲಮಂಗಲ ಯೂನಿಯನ್ನಿಗೆ ಸೇರಿದ ಗ್ರಾಮ ಪಂಚಾಯಿತಿಯಾಗಿ 2019ರ ಚುನಾವಣೆಯನ್ನು ಎದುರಿಸಿತು. ಆದರೆ ಅಲ್ಲಿನ ಟೊಮೆಟೊ ಮಂಡಿಯ ಹೆಸರು ದೂರದವರೆಗೂ ಹಬ್ಬಿದೆ; ಬೆಂಗಳೂರು ಸೇಲಂ ರೈಲು ದಾರಿಯ ನಿಲ್ದಾಣ, ಲಾರಿಗಳ ಸಾಲು, ಕೊಳೆತ ಹಣ್ಣಿನ ರಾಶಿ, ಬಾಡಿಗೆ ಮನೆಗಳು, ಇವೆಲ್ಲ ಪೇಟೆಯ ಲಕ್ಷಣಗಳೇ. ಹೊಸೂರು 2019ರ ಫೆಬ್ರವರಿಯಲ್ಲಿ ಮಹಾನಗರ ಪಾಲಿಕೆಯಾಯಿತು. ಅದರ ಕಾರ್ಖಾನೆಗಳ ನೆರಳು ಒಂದೊಂದಾಗಿ ಸುತ್ತಲ ಹಳ್ಳಿಗಳ ಮೇಲೆ ಬೀಳುತ್ತಿದೆ. ದೊಡ್ಡ ಹಳ್ಳಿಗಳು ಇಂದಲ್ಲ ನಾಳೆ ಪಟ್ಟಣ ಪಂಚಾಯಿತಿಗಳಾಗುತ್ತವೆ; ಆಗಲಿ, ಕಸಕ್ಕೂ ಚರಂಡಿಗೂ ಪಟ್ಟಣದ ಶಕ್ತಿ ಬೇಕು. ಹೆಚ್ಚು ಜನ ಗಮನಿಸದ ಒಂದು ನಷ್ಟ ಮಾತ್ರ ಇದರಲ್ಲಿದೆ. ಸಂವಿಧಾನ ಎಲ್ಲ ಮತದಾರರ ಸಭೆ ಕೊಟ್ಟಿದ್ದು ಹಳ್ಳಿಗೆ. ಪಟ್ಟಣಗಳಿಗೆ 74ನೆಯ ತಿದ್ದುಪಡಿ ಕೊಟ್ಟದ್ದು ವಾರ್ಡು ಸಮಿತಿ, ಅದನ್ನೂ ಕಡ್ಡಾಯ ಮಾಡಿದ್ದು ಮೂರು ಲಕ್ಷ ಜನಸಂಖ್ಯೆ ಮುಟ್ಟಿದ ನಗರಗಳಿಗೆ. ಹಳ್ಳಿ ಪಟ್ಟಣವಾದ ದಿನ ಊರಿನ ಹೆಂಗಸು ಎದ್ದು ನಿಂತು ಅಧ್ಯಕ್ಷರನ್ನು ಲೆಕ್ಕ ಕೇಳುವ ಹಕ್ಕು ಸಂವಿಧಾನದ ಪುಟದಿಂದ ಜಾರುತ್ತದೆ. 2022ರಲ್ಲಿ ತಮಿಳುನಾಡು ನಗರ ಸ್ಥಳೀಯ ಸಂಸ್ಥೆಗಳಿಗೆ ವಾರ್ಡು ಸಮಿತಿ ಮತ್ತು ಏರಿಯಾ ಸಭೆಗಳ ನಿಯಮ ಮಾಡಿದ್ದು ಈ ಕೊರತೆಯನ್ನು ತುಂಬುವ ಪ್ರಯತ್ನ. ಹೊಸೂರಿನ ಸುತ್ತಿನ ಊರುಗಳವರು ಪಟ್ಟಣವಾಗುವ ಮೊದಲೇ ಆ ನಿಯಮ ತಮ್ಮ ಬೀದಿಯಲ್ಲಿ ಹೇಗೆ ನಡೆಯಬೇಕು ಎಂದು ಕೇಳಿಕೊಂಡಿರಬೇಕು. ಬೆಳೆದ ಮೇಲೆ ಕೇಳುವುದು ಕಷ್ಟ.

ಮುಂದಿನ ಗ್ರಾಮಸಭೆಗೆ ಹೊಸ ಕಾಯ್ದೆಯಿಲ್ಲದೆ ಮಾಡಬಹುದಾದದ್ದು ಏನು ಎಂದು ಕೇಳಿದರೆ ಹೇಳುತ್ತೇನೆ. ತಮಿಳುನಾಡಿನ ನಿಯಮದಂತೆ 500ರಿಂದ 3,000 ಜನಸಂಖ್ಯೆಯ ಪಂಚಾಯಿತಿಗೆ ಸಭೆಯ ಕೋರಂ 100 ಜನ, ಅದಕ್ಕಿಂತ ದೊಡ್ಡದಾದರೆ ಇನ್ನೂ ಹೆಚ್ಚು. ಆ ನೂರು ಜನ ಬಂದು ಕೂತಾಗ ಹಿಂದಿನ ಸಭೆಯ ನಿರ್ಣಯಗಳಲ್ಲಿ ಎಷ್ಟು ಕೆಲಸಕ್ಕೆ ಬಂದವು, ಎಷ್ಟು ಬರಲಿಲ್ಲ ಎಂಬುದರಿಂದ ಸಭೆ ಶುರುವಾಗಲಿ. ಟ್ಯಾಂಕು ಆಪರೇಟರ್ ಎದ್ದು ನಿಂತು ಯಾವ ಬೀದಿಗೆ ಯಾವ ಹೊತ್ತು ನೀರು ಎಂದು ಹೇಳಲಿ. ಕಾಲೊನಿಯವರು ಹೌದು ಅಲ್ಲ ಎನ್ನಲಿ. ಹಿಂದಿನ ವಾರಗಳಲ್ಲಿ ಆ ಊರಿನಿಂದ ಕೃಷ್ಣಗಿರಿಗೆ ಹೋದ ಸೋಮವಾರದ ಅರ್ಜಿಗಳಲ್ಲಿ ಪಂಚಾಯಿತಿಗೆ ಸೇರಿದವು ಯಾವುವು ಎಂದು ಅಧಿಕಾರಿಗಳು ತಂದು ಓದಲಿ. ಕೊನೆಗೆ ನಿರ್ಣಯ ಬರೆದಾದ ಮೇಲೆ ಪುಸ್ತಕವನ್ನು ಸಹಿಗೆ ಹರಿಯಬಿಡುವ ಮುನ್ನ ಯಾರಾದರೂ ಒಬ್ಬರು, ಊರಿನ ಶಾಲೆಯ ಮೇಷ್ಟರಾಗಲಿ, ಕಾಲೇಜಿಗೆ ಹೋಗುವ ಹುಡುಗಿಯಾಗಲಿ, ಅದನ್ನು ತಮಿಳಿನಲ್ಲಿ ಓದಿ, ಅಲ್ಲಿ ಕೂತವರ ಮನೆಮಾತಿನಲ್ಲಿ ತಿರುಗಿಸಿ ಹೇಳಲಿ. ಅರ್ಥವಾಗದವರು ಕೇಳಲಿ, ಒಪ್ಪದವರ ಮಾತನ್ನೂ ಬರೆದುಕೊಳ್ಳಲಿ. ಹೆಬ್ಬೆಟ್ಟಿನ ಮಸಿ ಆಮೇಲೆ ಬರಲಿ.